ಎಡ ಮೂಲೆಯ ವೆಂಟ್: ಒಂದು ಸೆಸ್ನಾ 172ರ ಪ್ರಕರಣ ಅಧ್ಯಯನ

ಡಿಸೆಂಬರ್ ಮೊದಲ ವಾರದ ಶನಿವಾರ. ಡಾಲಸ್‌ಗೆ ಉತ್ತರದಲ್ಲಿರುವ ಸಣ್ಣ ಏರ್‌ಪೋರ್ಟ್ ಒಂದರಿಂದ ಒಕ್ಲಹೋಮಾ ಕಡೆಗೆ ಹೊರಟಿದ್ದೆವು. ಬಲಗಡೆ ಸೀಟಿನಲ್ಲಿ ಅಪ್ಪ. ತಿಪಟೂರಿನಿಂದ ಬಂದು ಒಂದು ತಿಂಗಳಾಗಿತ್ತು, ನಾಲ್ಕು ಸೀಟಿನ ವಿಮಾನ ಹತ್ತಿದ್ದು ಅದೇ ಮೊದಲು. ನೆಲದ ಮೇಲೆ 4 ಡಿಗ್ರಿ ಚಳಿ. ಏರುವಷ್ಟು ಹೊತ್ತೂ ಎಲ್ಲ ಸರಿಯಿತ್ತು. 5,500 ಅಡಿಯಲ್ಲಿ ಮೂಗು ಮಟ್ಟ ಮಾಡಿ, ವೇಗದ ಮುಳ್ಳು 105 ನಾಟ್ (ಗಂಟೆಗೆ ಸುಮಾರು 195 ಕಿ.ಮೀ.) ಹತ್ತಿರ ಬರುತ್ತಿದ್ದ ಹಾಗೆ ನನ್ನ ಎಡಗಿವಿಯ ಮೇಲ್ಗಡೆ ಸುಯ್ಯೆಂದು ಸದ್ದು ಶುರುವಾಯಿತು. ಮುಂದಿನ ಗಾಜಿನ ಎಡ ಮೇಲ್ಮೂಲೆಯಲ್ಲಿ ಹೊರಗಿನ ಗಾಳಿ ಒಳಬಿಡುವ ವೆಂಟಿನ ಕೊಳವೆ ತಾನಾಗಿಯೇ ಕ್ಯಾಬಿನ್ ಒಳಕ್ಕೆ ಜಾರಿ ಬರುತ್ತಿತ್ತು. ಮೈನಸ್ 6 ಡಿಗ್ರಿಯ ಗಾಳಿ ನೇರ ಕೆನ್ನೆಗೆ. ಒತ್ತಿದೆ, ಮುಚ್ಚಿಕೊಂಡಿತು. ಕೈ ತೆಗೆದೆ, ಅರ್ಧ ನಿಮಿಷದಲ್ಲಿ ಮತ್ತೆ ಜಾರಿತು. ಬಲಗೈಯಲ್ಲಿ ವಿಮಾನ ನಡೆಸುವ ಹಿಡಿಯಾದ ಯೋಕ್, ಎಡಗೈಯಲ್ಲಿ ಕೊಳವೆ ಹಿಡಿದು ಹತ್ತು ನಿಮಿಷ ಹಾರಿಸಿದೆ. ಇಳಿಯುವಾಗ ಎಡಗೈ ಯೋಕ್‌ಗೆ, ಬಲಗೈ ಥ್ರಾಟಲ್‌ಗೆ ಬೇಕೇ ಬೇಕು, ಹಾಗಾಗಿ ಕೊಳವೆ ಬಿಟ್ಟೆ. ಅಪ್ಪ ತಮ್ಮ ಮಫ್ಲರ್ ಬಿಚ್ಚಿ ನನ್ನ ಕತ್ತಿಗೆ ಸುತ್ತಲು ಬಂದರು. ರನ್‌ವೇ ಎದುರಿಗೇ ಇತ್ತು, ಈಗ ಬೇಡ ಅಂದೆ.

ಆ ಲ್ಯಾಂಡಿಂಗ್ ಚೆನ್ನಾಗಿಯೇ ಆಯಿತು. ಅದರಲ್ಲಿ ಒಂದು ಸದ್ದು ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಒಂದು ವಾರದ ಮೇಲೆ.

ವಿಮಾನ 1976ರ ಸೆಸ್ನಾ 172ಎಂ. ಲೈಕಮಿಂಗ್‌ನ 150 ಅಶ್ವಶಕ್ತಿಯ ಎಂಜಿನ್. ನಾವು ನಾಲ್ಕು ಜನ ಸೇರಿ ಕೊಂಡದ್ದು. ತಿಂಗಳ ಖರ್ಚು, ಹ್ಯಾಂಗರ್ ಬಾಡಿಗೆ, ಇನ್ಶೂರೆನ್ಸ್ ಎಲ್ಲ ನಾಲ್ಕು ಪಾಲು. ಜಕ್ಕೂರಿನ ಬೇಲಿಯಾಚೆ ನಿಂತು ಪುಟ್ಟ ವಿಮಾನಗಳು ಇಳಿಯುವುದನ್ನು ನೋಡುತ್ತಿದ್ದ ಹುಡುಗನಿಗೆ ಇದರ ಕಾಲು ಭಾಗ ತನ್ನದು ಎನ್ನುವುದು ಇವತ್ತಿಗೂ ದೊಡ್ಡ ವಿಷಯ. ಆದ್ದರಿಂದ ಅದರ ಒಂದು ಸ್ಕ್ರೂ ಸಡಿಲವಾದರೂ ನನಗೆ ನಿದ್ದೆ ಬರುವುದಿಲ್ಲ.

ಆ ವೆಂಟ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ಹೇಳಬೇಕು. 172ರಲ್ಲಿ ರೆಕ್ಕೆ ಕ್ಯಾಬಿನ್‌ನ ನೆತ್ತಿಯ ಮೇಲಿರುತ್ತದೆ. ರೆಕ್ಕೆ ಕ್ಯಾಬಿನ್‌ಗೆ ಸೇರುವ ಬುಡದ ಹತ್ತಿರ, ಮುಂದಿನ ಅಂಚಿನಲ್ಲಿ, ಎರಡೂ ಕಡೆ ಒಂದೊಂದು ತೂತು. ಹಾರುವಾಗ ಎದುರುಗಾಳಿ ಅದರೊಳಕ್ಕೆ ನುಗ್ಗಿ, ಗಾಜಿನ ಮೇಲ್ಮೂಲೆಗಳಲ್ಲಿರುವ ಪ್ಲಾಸ್ಟಿಕ್ ಕೊಳವೆಗಳ ಮೂಲಕ ಪೈಲಟ್ ಮತ್ತು ಪಕ್ಕದವರ ಮುಖಕ್ಕೆ ಬರುತ್ತದೆ. ಫ್ಯಾನ್ ಇಲ್ಲ, ಮೋಟರ್ ಇಲ್ಲ. ಕೊಳವೆಯನ್ನು ಎಳೆದರೆ ಗಾಳಿ, ಒತ್ತಿದರೆ ಬಂದ್, ತಿರುಗಿಸಿದರೆ ದಿಕ್ಕು ಬದಲು. ಕೊಳವೆ ಇದ್ದ ಕಡೆಯೇ ನಿಲ್ಲಬೇಕಾದರೆ ಅದರ ಸುತ್ತ ಒಂದು ಬಿಗಿ ಬೇಕು. ನಮ್ಮದರಲ್ಲಿ ಆ ಬಿಗಿ ಕೊಡುವುದು ಉಣ್ಣೆಯ ಫೆಲ್ಟ್ ಪಟ್ಟಿ.

ಕಾಲಿನ ಕಡೆಯ ಗಾಳಿಯ ವ್ಯವಸ್ಥೆ ಬೇರೆಯೇ. ಪ್ಯಾನೆಲ್‌ನಲ್ಲಿ ಕ್ಯಾಬಿನ್ ಏರ್, ಕ್ಯಾಬಿನ್ ಹೀಟ್ ಎಂಬ ಎರಡು ಗುಬುಟುಗಳಿವೆ. ಹೀಟ್ ಎಳೆದರೆ, ಎಂಜಿನ್ನಿನ ಹೊಗೆ ಹೋಗುವ ಮಫ್ಲರ್‌ನ ಸುತ್ತ ಕಟ್ಟಿರುವ ತಗಡಿನ ಕವಚದೊಳಗೆ ಹಾದು ಬಿಸಿಯಾದ ಗಾಳಿ ಕ್ಯಾಬಿನ್‌ಗೆ ಬರುತ್ತದೆ. ಮಫ್ಲರ್ ಗಟ್ಟಿಯಾಗಿದ್ದರೆ ಅದು ಶುದ್ಧ ಬಿಸಿಗಾಳಿ. ಬಿರುಕು ಬಿಟ್ಟಿದ್ದರೆ ಅದರ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. 2019ರ ಜನವರಿ 21ರಂದು ಗರ್ನ್ಸಿ ದ್ವೀಪದ ಹತ್ತಿರ ಸಮುದ್ರಕ್ಕೆ ಬಿದ್ದ ಪೈಪರ್ ಮಾಲಿಬು ನೆನಪಿರಬಹುದು. ಅದರಲ್ಲಿದ್ದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಅವರ ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಮೊನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್, 58 ಶೇಕಡಾ ಇತ್ತು ಎಂದು ಬ್ರಿಟನ್ನಿನ ತನಿಖಾ ಸಂಸ್ಥೆ ವರದಿ ಮಾಡಿತು. ಎಚ್ಚರಿಸುವ ಡಿಟೆಕ್ಟರ್ ಆ ವಿಮಾನದಲ್ಲಿರಲಿಲ್ಲ.

ಮೊನಾಕ್ಸೈಡ್ ಅನುಮಾನ ಬಂದ ಕ್ಷಣ ಪೈಲಟ್ ಮಾಡಬೇಕಾದ್ದು ಎರಡು ಕೆಲಸ: ಹೀಟರ್ ಬಂದ್ ಮಾಡುವುದು, ತಾಜಾ ಗಾಳಿಯ ವೆಂಟುಗಳನ್ನು ಪೂರ್ತಿ ತೆರೆಯುವುದು. ಕ್ಯಾಬಿನ್‌ನಲ್ಲಿ ವೈರ್ ಹೊತ್ತಿಕೊಂಡರೆ ಕೈಪಿಡಿಯ ಮಾತು ಇದಕ್ಕೆ ತದ್ವಿರುದ್ಧ. ಬೆಂಕಿಗೆ ಗಾಳಿ ಸಿಗದಂತೆ ವೆಂಟುಗಳನ್ನು ಮುಚ್ಚಿ, ಬೆಂಕಿ ಪೂರ್ತಿ ಆರಿದೆ ಎಂದು ಖಾತ್ರಿಯಾದ ಮೇಲೆ ತೆರೆಯಿರಿ ಎನ್ನುತ್ತದೆ. ಅಂದರೆ ಈ ಕೊಳವೆ ಪೂರ್ತಿ ಮುಚ್ಚಲೂಬೇಕು, ಪೂರ್ತಿ ತೆರೆಯಲೂಬೇಕು, ಬಿಟ್ಟ ಕಡೆ ನಿಲ್ಲಲೂಬೇಕು. ಇದನ್ನು ಬರೀ ಚಳಿಯ ದೂರು ಎಂದು ನೋಡಿದವರು ಅರ್ಧ ಮಾತ್ರ ನೋಡುತ್ತಾರೆ. ನಾನೂ ಮೊದಲು ಅರ್ಧ ಮಾತ್ರ ನೋಡಿದ್ದೆ.

ಏರುವಾಗ ಸುಮ್ಮನಿದ್ದದ್ದು ಕ್ರೂಸ್‌ನಲ್ಲಿ, ಅಂದರೆ ಮಟ್ಟವಾಗಿ ಹಾರುವಾಗ, ಏಕೆ ಜಾರಿತು? ಆ ರಾತ್ರಿ ಅಡುಗೆಮನೆಯ ಟೇಬಲ್ ಮೇಲೆ ಕೂತು ಲೆಕ್ಕ ಹಾಕಿದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೊಳವೆಯ ಬಾಯಿ ಸುಮಾರು 5 ಸೆಂಟಿಮೀಟರ್. 105 ನಾಟ್ ವೇಗದಲ್ಲಿ ಅದರ ಮೇಲೆ ಬೀಳುವ ನೂಕು ಸುಮಾರು 350 ಗ್ರಾಂ ತೂಕದಷ್ಟು. ಏರುವಾಗಿನ 75 ನಾಟ್‌ನಲ್ಲಿ ಅದರ ಅರ್ಧ, 180 ಗ್ರಾಂ. ಹಾಗಾದರೆ ನಮ್ಮ ಫೆಲ್ಟ್‌ನ ಹಿಡಿತ ಈ ಎರಡರ ಮಧ್ಯೆ ಎಲ್ಲೋ ಇರಬೇಕು. ಮರುದಿನ ಹ್ಯಾಂಗರ್‌ಗೆ ಹೋಗಿ, ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಕೊಳವೆಗೆ ಸಿಕ್ಕಿಸಿ ಮೆಲ್ಲಗೆ ಎಳೆದೆ. 250ರ ಆಸುಪಾಸಿನಲ್ಲಿ ಜಾರಿತು. ಬಲಗಡೆಯ ವೆಂಟ್ 900ರವರೆಗೆ ಅಲುಗಲಿಲ್ಲ. ಲೆಕ್ಕ ಕೂಡಿತು, ಫೆಲ್ಟ್ ಸವೆದಿದೆ, ಹೊಸದು ಅಂಟಿಸಿದರೆ ಮುಗಿಯಿತು ಎಂದುಕೊಂಡೆ. ಕೊಳವೆ ಹೊರಕ್ಕೆಳೆದು ಫೆಲ್ಟಿನ ಫೋಟೋ ತೆಗೆದು ನಮ್ಮ ಮೆಕ್ಯಾನಿಕ್‌ಗೆ ಕಳಿಸಿದೆ.

ಅವರು ನಲವತ್ತು ವರ್ಷದಿಂದ ಈ ಕೆಲಸದಲ್ಲಿರುವವರು. ಉತ್ತರದಲ್ಲಿ ಬಂದದ್ದು ಒಂದು ಪ್ರಶ್ನೆ: ಫೆಲ್ಟ್ ಕೆಳಗಡೆ ಕಾಗದದಷ್ಟು ತೆಳ್ಳಗಾಗಿದೆ, ಮೇಲ್ಗಡೆ ಹೊಸದರ ಹಾಗಿದೆ, ಯಾಕೆ?

ಫೋಟೋ ಮತ್ತೆ ನೋಡಿದೆ. ನಿಜ. ಬರೀ ವಯಸ್ಸಿನಿಂದ ಸವೆದಿದ್ದರೆ ಸುತ್ತಲೂ ಸಮ ಸವೆಯಬೇಕಿತ್ತು. ಒಂದೇ ಕಡೆ ಸವೆದಿದೆ ಅಂದರೆ ಕೊಳವೆ ಸೊಟ್ಟಗೆ ಓಡಾಡುತ್ತಿದೆ, ಕೊಳವೆ ಸೊಟ್ಟಗಿದೆ ಅಂದರೆ ಅದನ್ನು ಹಿಡಿದಿರುವ ಹೌಸಿಂಗ್ ಸೊಟ್ಟಗಿದೆ. ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಿಂದ. ಆ ದಿನ ನಾನು ಹೊಸ ಫೆಲ್ಟ್ ಅಂಟಿಸಿಬಿಟ್ಟಿದ್ದರೆ ಕೊಳವೆ ನಿಂತಿರುತ್ತಿತ್ತು, ಚಳಿ ನಿಂತಿರುತ್ತಿತ್ತು, ಒಳಗಿದ್ದದ್ದು ಒಳಗೇ ಉಳಿದಿರುತ್ತಿತ್ತು.

ಒಳಗೆ ಕಂಡದ್ದು

ಮುಂದಿನ ಶನಿವಾರ ಮೆಕ್ಯಾನಿಕ್ ಬಂದರು. ಅಪ್ಪನೂ ಬಂದಿದ್ದರು, ಮನೆಯಲ್ಲಿ ಒಬ್ಬರೇ ಕೂತು ಬೇಜಾರು ಎಂದು. ರೆಕ್ಕೆಯ ಬುಡವನ್ನು ಮುಚ್ಚುವ ಫೇರಿಂಗ್‌ನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಮೊಟ್ಟೆ ಟ್ರೇಯೊಂದರಲ್ಲಿ ಸಾಲಾಗಿ ಜೋಡಿಸಿದೆ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಒಳಗೆ ಏನನ್ನು ಚುಚ್ಚುತ್ತದೋ ಹೇಳಲಾಗದು. ಮುಂದಿನ ಗಾಜಿನ ಮೇಲೆ ಹತ್ತಿಯ ದಪ್ಪ ಬಟ್ಟೆ ಹಾಸಿದೆವು. ಅದು ಗಾಜಲ್ಲ, ಅಕ್ರಿಲಿಕ್. ಥಿನ್ನರ್, ಅಸಿಟೋನ್, ಪೆಟ್ರೋಲ್, ಕಿಟಕಿ ಒರೆಸುವ ಕ್ಲೀನರ್, ಆಲ್ಕೋಹಾಲ್, ಯಾವುದು ತಗುಲಿದರೂ ಜೇಡರಬಲೆಯಂಥ ಬಿರುಕು ಏಳುತ್ತದೆ ಎಂದು ಕೈಪಿಡಿಯಲ್ಲೇ ಎಚ್ಚರಿಕೆಯಿದೆ.

ಕ್ಯಾಬಿನ್ ಒಳಗಿನ ಪ್ಲಾಸ್ಟಿಕ್ ಪ್ಯಾನೆಲ್ ಸರಿಸಿದ ಕೂಡಲೇ ವಾಸನೆ ಬಂತು. ಮಳೆಗಾಲದಲ್ಲಿ ಹಳೇ ಗೋಣಿಚೀಲದ ಮೂಟೆಯಿಂದ ಬರುತ್ತದಲ್ಲ, ಆ ಮುಗ್ಗಲು. ಹೌಸಿಂಗ್ ಮತ್ತು ರೆಕ್ಕೆಯ ಬುಡದ ತಗಡಿನ ಸಂದಿಯಲ್ಲಿ ಹಳದಿ ಸ್ಪಾಂಜು ತುರುಕಿತ್ತು, ಪಾತ್ರೆ ತೊಳೆಯುವ ಸ್ಪಾಂಜಿನಂಥದ್ದು, ಮೂರ್ನಾಲ್ಕು ತುಂಡು. ಅದರ ಮೇಲೆ ಬೂದು ಬಣ್ಣದ ಡಕ್ಟ್ ಟೇಪ್. ಬೆರಳಿನಲ್ಲಿ ಹಿಂಡಿದರೆ ಕಂದು ನೀರು ಮುಂಗೈ ಮೇಲೆ ಇಳಿಯಿತು.

ನಾಲ್ವರಲ್ಲಿ ಒಬ್ಬರಿಗೆ ಫೋನ್ ಮಾಡಿದಾಗ ಗೊತ್ತಾಯಿತು. ಹಿಂದಿನ ಫೆಬ್ರವರಿಯಲ್ಲಿ, ವಾರ್ಷಿಕ ತಪಾಸಣೆ ಮುಗಿದ ಮುಂದಿನ ತಿಂಗಳೇ, ದೂರ ಪ್ರಯಾಣದಲ್ಲಿ ವೆಂಟಿನ ಸಂದಿಯಿಂದ ಚಳಿಗಾಳಿ ಬರುತ್ತಿದೆ ಎಂದು ದಾರಿಯಲ್ಲಿ ಯಾರ ಕೈಲೋ ಹೇಳಿ ಅದನ್ನು ನಿಲ್ಲಿಸಿಕೊಂಡಿದ್ದರು. ಹೇಗೆ ನಿಲ್ಲಿಸಿದರೆಂದು ಇವರು ನೋಡಿರಲಿಲ್ಲ. ವಿಮಾನದ ರಿಪೇರಿಗಳನ್ನು ದಾಖಲಿಸುವ ಲಾಗ್‌ಬುಕ್‌ನಲ್ಲಿ ಒಂದಕ್ಷರವಿಲ್ಲ. ಅವರಿಗೆ ತುಂಬ ನೋವಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಬರೆಯದೆ ಬಿಟ್ಟ ಆ ಕೈಯ ಮೇಲೆ ಇದೆ.

ಸ್ಪಾಂಜು ತೆಗೆದ ಮೇಲೆ ಮೂಲ ಕಾರಣ ಕಂಡಿತು. ಪ್ಲಾಸ್ಟಿಕ್ ಹೌಸಿಂಗ್ ಅನ್ನು ಬಿಗಿ ಹಿಡಿಯುವ ಕಿವಿಗಳಲ್ಲಿ ಒಂದು ಸೀಳಿತ್ತು. ಸುಮಾರು ಐವತ್ತು ವರ್ಷದ ಪ್ಲಾಸ್ಟಿಕ್, ಟೆಕ್ಸಸ್‌ನ ಬಿಸಿಲು; ಸ್ಕ್ರೂ ತೂತಿನಿಂದ ಬಿರುಕು ಹೊರಟು ಕಿವಿ ಎರಡಾಗಿತ್ತು. ಹೌಸಿಂಗ್ ಒಂದು ಕಡೆಗೆ ವಾಲಿತು. ವಾಲಿದ್ದರಿಂದ ಸಂದಿ ಬಿತ್ತು, ಫೆಬ್ರವರಿಯ ಚಳಿಗಾಳಿ ಬಂದದ್ದು ಆ ಸಂದಿಯಿಂದ. ಸಂದಿಗೆ ತುರುಕಿದ ಸ್ಪಾಂಜು ಹೌಸಿಂಗ್ ಅನ್ನು ಇನ್ನಷ್ಟು ವಾಲಿಸಿತು. ಕೊಳವೆ ಸೊಟ್ಟಗೆ ಓಡಾಡಿ ಫೆಲ್ಟನ್ನು ಕೆಳಗಡೆ ಮಾತ್ರ ಉಜ್ಜಿತು. ಡಿಸೆಂಬರ್ ಹೊತ್ತಿಗೆ ಹಿಡಿತ 350 ಗ್ರಾಂಗಿಂತ ಕೆಳಗಿಳಿಯಿತು. ಈ ಮಧ್ಯೆ ವಸಂತದ ಬಿರುಮಳೆಗಳೆಲ್ಲ ಮುಂದಿನ ಅಂಚಿನ ತೂತಿನಿಂದ ಒಳಗೆ ಬಂದು ಸ್ಪಾಂಜಿನಲ್ಲಿ ನಿಂತವು. ನೀರು ಇಳಿದುಹೋಗಲು ಇರುವ ಸಣ್ಣ ತೂತಿಗೂ ಸ್ಪಾಂಜಿನ ಚೂರು ಸಿಕ್ಕಿಕೊಂಡಿತ್ತು. ತಗಡಿನ ಮೇಲೆ ರಂಗೋಲಿ ಪುಡಿ ಉದುರಿಸಿದಂತೆ ಬಿಳಿ ಬೂಷ್ಟು. ಅದು ಅಲ್ಯೂಮಿನಿಯಂನ ತುಕ್ಕು.

ಮೆಕ್ಯಾನಿಕ್ ಟಾರ್ಚ್ ಬಿಟ್ಟು ಮೊದಲು ನೋಡಿದ್ದು ನೀಲಿ ಕಲೆಯನ್ನು. ರೆಕ್ಕೆಯ ಟ್ಯಾಂಕಿನಿಂದ ಇಂಧನ ಇಳಿಯುವ ಪೈಪು ಇದೇ ಬುಡದಲ್ಲಿ ಹಾದು ಬಾಗಿಲ ಕಂಬದೊಳಗೆ ಇಳಿಯುತ್ತದೆ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ, ಜಿನುಗಿದರೆ ನೀಲಿ ಗೆರೆ ಉಳಿಯುತ್ತದೆ. ಗೆರೆ ಇರಲಿಲ್ಲ. ಕ್ಲಾಂಪುಗಳು ಬಿಗಿಯಿದ್ದವು.

ಆಮೇಲೆ ಅವರು ಒಂದು ತೆಳ್ಳನೆಯ ರಬ್ಬರ್ ಕೊಳವೆಯನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದರು. ಸ್ಪಾಂಜಿನ ಅಡಿಯಲ್ಲಿ ಸಿಕ್ಕಿ ಅದು ಮಡಚಿಹೋಗಿತ್ತು. ತೋಟಕ್ಕೆ ನೀರು ಬಿಡುವ ಪೈಪು ತಿರುಚಿಕೊಂಡು ನೀರು ನಿಲ್ಲುತ್ತದಲ್ಲ, ಥೇಟ್ ಹಾಗೆ.

ಅದು ಸ್ಟಾಲ್ ಹಾರ್ನ್‌ನ ಕೊಳವೆ.

ವಿಮಾನದ ಮೂಗು ಅತಿಯಾಗಿ ಮೇಲೆದ್ದು, ರೆಕ್ಕೆ ಗಾಳಿಯನ್ನು ಸೀಳುವ ಕೋನ ಮಿತಿ ಮೀರಿದರೆ, ರೆಕ್ಕೆಯ ಬೆನ್ನಿಗೆ ಅಂಟಿ ಹರಿಯುವ ಗಾಳಿ ಕಿತ್ತುಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದು ಸ್ಟಾಲ್. ನೆಲಕ್ಕೆ ಹತ್ತಿರವಿದ್ದಾಗ ಆದರೆ ಚೇತರಿಸಿಕೊಳ್ಳಲು ಎತ್ತರ ಇರುವುದಿಲ್ಲ. 172ರಲ್ಲಿ ಇದನ್ನು ಮುಂಚಿತವಾಗಿ ಹೇಳುವ ಸಾಧನಕ್ಕೆ ಕರೆಂಟೂ ಬೇಡ. ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ಬಾಯಿ. ಸ್ಟಾಲ್ ಹತ್ತಿರವಾದಂತೆ ರೆಕ್ಕೆಯ ಬೆನ್ನಿನ ಕಡಿಮೆ ಒತ್ತಡ ಮುಂದಕ್ಕೆ ಸರಿದು ಆ ಬಾಯಿಯ ಮೇಲೆ ಬರುತ್ತದೆ, ಕೊಳವೆಯಿಂದ ಗಾಳಿಯನ್ನು ಹೀರುತ್ತದೆ. ಕೊಳವೆಯ ಇನ್ನೊಂದು ತುದಿಯಲ್ಲಿ, ಮುಂದಿನ ಗಾಜಿನ ಎಡ ಮೇಲ್ಮೂಲೆಯ ಹತ್ತಿರ, ಒಂದು ರೀಡ್. ಹಾರ್ಮೋನಿಯಂನಲ್ಲಿ ಇರುವಂಥದ್ದೇ. ಗಾಳಿ ಎಳೆದರೆ ಅದು ಕೂಗುತ್ತದೆ, ಸ್ಟಾಲ್‌ಗಿಂತ 5ರಿಂದ 10 ನಾಟ್ ಮೊದಲೇ.

ವೆಂಟ್ ಇರುವುದೂ ಅದೇ ಎಡ ಮೇಲ್ಮೂಲೆಯಲ್ಲಿ. ಒಂದು ಅಂಗೈ ಅಗಲದಲ್ಲಿ ಮುಖಕ್ಕೆ ಗಾಳಿ, ಎಂಜಿನ್ನಿಗೆ ಇಂಧನ, ಪೈಲಟ್‌ಗೆ ಕೊನೆಯ ಎಚ್ಚರಿಕೆ, ಮೂರೂ ಅಕ್ಕಪಕ್ಕ.

ಕೊಳವೆಯನ್ನು ಹಾಗೇ ಮಡಚಿದ್ದಂತೆಯೇ ಇಟ್ಟು ಪರೀಕ್ಷೆ ಮಾಡೋಣ, ಇದ್ದ ಸ್ಥಿತಿ ತಿಳಿಯಲಿ ಎಂದರು ಮೆಕ್ಯಾನಿಕ್. ಕೈಪಿಡಿಯಲ್ಲಿರುವ ವಿಧಾನ ಸರಳ: ರೆಕ್ಕೆಯ ಆ ಬಾಯಿಯ ಮೇಲೆ ಶುಭ್ರ ಕರವಸ್ತ್ರ ಹಾಸಿ, ಬಾಯಿಟ್ಟು ಗಾಳಿ ಹೀರುವುದು. ಹಾರ್ನ್ ಕೂಗಿದರೆ ಸರಿಯಿದೆ ಎಂದರ್ಥ. ಸ್ಟೂಲ್ ಹತ್ತಿ ಹೀರಿದೆ. ಏನೂ ಇಲ್ಲ. ಇನ್ನೂ ಜೋರಾಗಿ ಹೀರಿದೆ. ಕ್ಯಾಬಿನ್ ಒಳಗೆ ಕೂತಿದ್ದ ಅಪ್ಪ, "ಏನೋ ಕ್ಷೀಣವಾಗಿ ಕೇಳಿಸ್ತು, ಆದರೆ ತಿದಿ ತುಂಬಿಲ್ಲ" ಅಂದರು. ಅವರು ವಯಸ್ಸಿನಲ್ಲಿ ಊರ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರು. ಗಾಳಿ ಸಾಲದೆ ರೀಡು ಒದ್ದಾಡುವ ಸದ್ದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆಗ ನನಗೆ ಹಿಂದಿನ ವಾರದ ಲ್ಯಾಂಡಿಂಗ್ ನೆನಪಾಯಿತು. ಚೆನ್ನಾಗಿ ಇಳಿಸಿದಾಗ, ಚಕ್ರ ನೆಲ ಮುಟ್ಟುವ ಮುಂಚಿನ ಎರಡು ಸೆಕೆಂಡು ಆ ಹಾರ್ನ್ ಕುಂಯ್ ಎನ್ನುತ್ತದೆ. ಎಷ್ಟೋ ವರ್ಷದಿಂದ ಕೇಳಿದ ಸದ್ದು. ಆ ದಿನ ಕೇಳಿಸಿರಲಿಲ್ಲ. ಅದಕ್ಕೂ ಮುಂಚಿನ ಲ್ಯಾಂಡಿಂಗ್‌ಗಳಲ್ಲಿ? ನೆನಪಿಲ್ಲ. ಕರವಸ್ತ್ರದ ಪರೀಕ್ಷೆ ಹಾರಾಟಕ್ಕೆ ಮುಂಚಿನ ಪಟ್ಟಿಯಲ್ಲೇ ಇದೆ. ಬಾಯಿ ಕಟ್ಟಿಕೊಂಡಿಲ್ಲವೇ ಎಂದು ಕಣ್ಣಲ್ಲಿ ನೋಡಿ ಮುಂದೆ ಹೋಗುವುದನ್ನು ನಾನು ರೂಢಿ ಮಾಡಿಕೊಂಡಿದ್ದೆ, ಉಳಿದ ಮೂವರೂ ಹಾಗೆಯೇ. ಹತ್ತು ತಿಂಗಳು ನಾವು ನಾಲ್ವರು ಮತ್ತು ನಮ್ಮ ಮನೆಯವರು ಆ ಎಚ್ಚರಿಕೆ ಇಲ್ಲದೆ ಹಾರಿದ್ದೇವೆ. ಇದನ್ನು ಬರೆಯುವಾಗಲೂ ಎದೆ ಭಾರವಾಗುತ್ತದೆ.

ರಿಪೇರಿ

ಅಮೆರಿಕದಲ್ಲಿ ಖಾಸಗಿ ವಿಮಾನದ ಮಾಲೀಕ ಪೈಲಟ್ ಆಗಿದ್ದರೆ ಕೆಲವು ಕೆಲಸಗಳನ್ನು ತಾನೇ ಮಾಡಿ ಸಹಿ ಹಾಕಬಹುದು. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಿಯಮಾವಳಿಯ ಭಾಗ 43, ಅನುಬಂಧ ಎ. ಅದರಲ್ಲಿ ಕ್ಯಾಬಿನ್ ಒಳಗಿನ ಅಲಂಕಾರದ ಹೊದಿಕೆಗಳ ರಿಪೇರಿಯಿದೆ, ಹೈಡ್ರಾಲಿಕ್ ಅಲ್ಲದ ಹೋಸ್ ಜೋಡಣೆಗಳನ್ನು ಬದಲಿಸುವುದೂ ಇದೆ. ಬರೀ ಫೆಲ್ಟ್ ಆಗಿದ್ದರೆ ನಾನೇ ಮಾಡುತ್ತಿದ್ದೆ. ತುಕ್ಕು ಮತ್ತು ಸ್ಟಾಲ್ ಹಾರ್ನ್ ಬಂದ ಮೇಲೆ ಅದು ನನ್ನ ಸಹಿಯ ಕೆಲಸ ಅಲ್ಲ ಎಂದು ತೀರ್ಮಾನಿಸಿದೆ. ಲೈಸೆನ್ಸ್ ಇರುವ ಮೆಕ್ಯಾನಿಕ್ ಖುದ್ದು ನಿಂತು ನೋಡುತ್ತಿದ್ದರೆ ಅವರ ಕೈಕೆಳಗೆ ಬೇರೆಯವರೂ ಕೆಲಸ ಮಾಡಬಹುದು. ಕೈ ನನ್ನದು, ಕಣ್ಣು ಮತ್ತು ಸಹಿ ಅವರದು ಎಂಬ ಒಪ್ಪಂದವಾಯಿತು.

ಮೊದಲು ತುಕ್ಕು. ಟೇಪಿನ ಅಂಟನ್ನು ಮಿನರಲ್ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಬಿಡಿಸಿದೆ, ತಗಡಿನ ಮೇಲೆ ಮಾತ್ರ, ಅಕ್ರಿಲಿಕ್‌ನಿಂದ ದೂರ. ಬಿಳಿ ಪುಡಿಯನ್ನು ಉಜ್ಜಲು ನೈಲಾನ್ ಪ್ಯಾಡ್. ಸ್ಟೀಲ್ ವುಲ್ ಮುಟ್ಟಬಾರದು. ಉಕ್ಕಿನ ಎಳೆಗಳು ಅಲ್ಯೂಮಿನಿಯಂನಲ್ಲಿ ಕಚ್ಚಿ ಕೂತರೆ ಎರಡು ಲೋಹಗಳ ಮಧ್ಯೆ ಬ್ಯಾಟರಿಯಲ್ಲಾಗುವ ಕ್ರಿಯೆಯೇ ನಡೆದು ತುಕ್ಕು ಹೆಚ್ಚುತ್ತದೆ. ಉಜ್ಜಿದ ಮೇಲೆ ಮೆಕ್ಯಾನಿಕ್ ಉಗುರಿನಿಂದ ಸವರಿ, ಆಮೇಲೆ ಗೇಜ್ ಇಟ್ಟು ಆಳ ನೋಡಿದರು. ಮೇಲ್ಪದರದಲ್ಲೇ ನಿಂತಿತ್ತು, ಮಿತಿಯೊಳಗೆ. ಇನ್ನೆರಡು ಮಳೆಗಾಲ ಕಳೆದಿದ್ದರೆ ತಗಡೇ ಬದಲಿಸಬೇಕಾಗುತ್ತಿತ್ತೋ ಏನೋ ಎಂದರು. ರಾಸಾಯನಿಕ ಲೇಪನ, ಅದರ ಮೇಲೆ ಪ್ರೈಮರ್.

ಹೌಸಿಂಗ್ ವಿಷಯದಲ್ಲಿ ನಮ್ಮಲ್ಲಿ ಚರ್ಚೆಯಾಯಿತು. ನಾಲ್ವರಲ್ಲಿ ಕಿರಿಯನಿಗೆ 3ಡಿ ಪ್ರಿಂಟರ್ ಇದೆ. ಒಂದು ರಾತ್ರಿಯಲ್ಲಿ ಪ್ರಿಂಟ್ ಮಾಡಿಕೊಡುತ್ತೇನೆ ಎಂದ. ಮಾಲೀಕ ತನ್ನ ವಿಮಾನಕ್ಕೆ ತಾನೇ ಭಾಗ ತಯಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಅದು ಸುಳ್ಳಲ್ಲ. ಆದರೆ ಆ ಭಾಗ ಮೂಲ ಪ್ರಮಾಣಕ್ಕೆ ಸರಿಹೊಂದುತ್ತದೆ ಎಂದು ತೋರಿಸಬೇಕು. ಅವನ ಹತ್ತಿರ ಇದ್ದದ್ದು ಪಿಎಲ್‌ಎ ಎಂಬ ಪ್ಲಾಸ್ಟಿಕ್. ಅದು 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಟೆಕ್ಸಸ್‌ನ ಆಗಸ್ಟ್ ಬಿಸಿಲಲ್ಲಿ ನಿಲ್ಲಿಸಿದ ವಿಮಾನದ ಗಾಜಿನ ಮೂಲೆ ಅದಕ್ಕಿಂತ ಬಿಸಿಯಾಗಬಲ್ಲದು. ಜೊತೆಗೆ 172 ಸರ್ಟಿಫೈ ಆದ ಹಳೆಯ ನಿಯಮದ ಪ್ರಕಾರ ಕ್ಯಾಬಿನ್ ಒಳಗಿನ ವಸ್ತುಗಳು ಥಟ್ಟನೆ ಹೊತ್ತಿಕೊಳ್ಳುವಂತಿರಬಾರದು. ಪಾತ್ರೆ ತೊಳೆಯುವ ಸ್ಪಾಂಜು ಅದರಲ್ಲೂ ಸೋಲುತ್ತದೆ: ಪಾಲಿಯುರೆಥೇನ್ ಬೇಗ ಹೊತ್ತುತ್ತದೆ, ಅದರ ಹೊಗೆ ವಿಷ. ಹುಡುಗನ ಉತ್ಸಾಹ ನನಗೆ ಇಷ್ಟ, ಆದರೂ ಬೇಡ ಎಂದೆ. ಎಫ್‌ಎಎ ಒಪ್ಪಿಗೆ ಪಡೆದ ಅಲ್ಯೂಮಿನಿಯಂ ವೆಂಟುಗಳು ಮಾರುಕಟ್ಟೆಯಲ್ಲಿವೆ, ಹಳೇ ವಿಮಾನ ಬಿಚ್ಚಿ ಮಾರುವ ಯಾರ್ಡುಗಳಲ್ಲಿ ಮೂಲ ಪ್ಲಾಸ್ಟಿಕ್ಕೂ ಸಿಗುತ್ತದೆ. ಯಾರ್ಡಿನದು ತಂದರೆ ನಮ್ಮದರಷ್ಟೇ ಮುದಿಯಾದ ಪ್ಲಾಸ್ಟಿಕ್. ಒಪ್ಪಿಗೆ ಪತ್ರದೊಂದಿಗೆ ಬರುವ ಹೊಸದನ್ನೇ ತರಿಸಿದೆವು, ಎರಡೂ ಕಡೆಗೆ. ಬಲಗಡೆಯದು ಇನ್ನೂ ಗಟ್ಟಿಯಿದ್ದರೂ ಅದರ ವಯಸ್ಸೂ ಅಷ್ಟೇ.

ಸೀಲ್ ಮಾಡುವ ಸಿಲಿಕೋನ್ ಬಗ್ಗೆ ಒಂದು ಮಾತು. ಮನೆಯ ಬಚ್ಚಲಿಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಈಗಷ್ಟೇ ತುಕ್ಕು ಉಜ್ಜಿದ ತಗಡಿಗೆ ಅದನ್ನು ಹಚ್ಚುವುದು ಗಾಯದ ಮೇಲೆ ಹುಳಿ ಹಿಂಡಿದ ಹಾಗೆ. ಆಮ್ಲ ಬಿಡದ ಬಗೆಯದು ಬೇರೆ ಸಿಗುತ್ತದೆ, ಅದನ್ನೇ ಹಾಕಿದೆವು.

ಸ್ಟಾಲ್ ಹಾರ್ನ್‌ನ ಕೊಳವೆಯನ್ನು ನೇರ ಮಾಡಿ ಬಿಡಬಹುದಿತ್ತು. ಹತ್ತು ತಿಂಗಳು ಮಡಚಿ ನಿಂತ ರಬ್ಬರ್ ಅದೇ ಜಾಗದಲ್ಲಿ ಮತ್ತೆ ಮಡಚುತ್ತದೆ, ಬೆರಳಲ್ಲಿ ಹಿಡಿದರೆ ಆ ನೆರಿಗೆ ತಿಳಿಯುತ್ತಿತ್ತು. ಬದಲಿಸಿದೆವು. ವೆಂಟಿನ ಹೌಸಿಂಗ್‌ಗೆ ತಾಗದಂತೆ ಒಂದು ಕ್ಲಾಂಪ್‌ನಿಂದ ಬದಿಗೆ ಹಿಡಿಸಿದೆವು.

ಇನ್ನು ಕುಂಬಾರ ಹುಳ. ಟೆಕ್ಸಸ್‌ನಲ್ಲಿ ಅದರ ಕಾಟ ವಿಪರೀತ, ಬೆರಳು ಹೋಗುವ ಯಾವ ತೂತು ಕಂಡರೂ ಕೆಸರು ತಂದು ಗೂಡು ಕಟ್ಟುತ್ತದೆ. ಬಲಗಡೆಯ ಗಾಳಿಬಾಯಿಯಿಂದ ಎರಡು ಒಣ ಗೂಡು ತೆಗೆದೆ. ಇದನ್ನು ಹಗುರವಾಗಿ ನೋಡಬಾರದು. 1996ರ ಫೆಬ್ರವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನ ಪುವೆರ್ಟೊ ಪ್ಲಾಟಾದಿಂದ ಎದ್ದ ಬಿರ್ಗೆನ್ಏರ್ ವಿಮಾನ ಬಿದ್ದು 189 ಜನ ಸತ್ತಾಗ, ವೇಗ ಅಳೆಯುವ ಪಿಟೊ ಕೊಳವೆಯೊಂದು ಕಟ್ಟಿಕೊಂಡಿತ್ತು. ಮುಚ್ಚದೆ ಬಿಟ್ಟ ಕೊಳವೆಯಲ್ಲಿ ಇಂಥದೇ ಹುಳ ಗೂಡು ಕಟ್ಟಿದ್ದಿರಬೇಕು ಎಂಬುದು ತನಿಖೆಯವರ ಊಹೆ. ಗಾಳಿಬಾಯಿಗೆ ಜಾಲರಿ ಹೊಡೆಯೋಣವೇ ಎಂದು ಕೇಳಿದೆ. ಒಪ್ಪಿಗೆಯಿಲ್ಲದೆ ಹಾಗೆ ಸೇರಿಸುವಂತಿಲ್ಲ, ನಿಲ್ಲಿಸಿದಾಗ ಕೆಂಪು ಪಟ್ಟಿ ಇಳಿಬಿಟ್ಟ ಪ್ಲಗ್ ಹಾಕಿ, ಹೊರಡುವಾಗ ತೆಗೆಯಿರಿ ಎಂದರು. ಪ್ಲಗ್ ಕೂಡ ಒಂದು ಸ್ಪಾಂಜೇ. ಆದರೆ ಹೊರಗೆ ನೇತಾಡುವ ಮೊಳದುದ್ದದ ಕೆಂಪು ಪಟ್ಟಿ ಯಾರ ಕಣ್ಣಿಗೂ ತಪ್ಪುವುದಿಲ್ಲ.

ಪರೀಕ್ಷೆ

ಸೋರಿಕೆ ನೋಡಲು ಊದಿನಕಡ್ಡಿ ಹಚ್ಚೋಣ ಎಂದು ಅಪ್ಪ ಸೂಚಿಸಿದರು. ಹೊಗೆ ಎಲ್ಲಿ ಓಲಾಡುತ್ತದೋ ಅಲ್ಲಿ ಸಂದಿ. ಬುದ್ಧಿವಂತಿಕೆಯ ಮಾತೇ, ಆದರೆ ಅಲ್ಲೇ ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕ್. ಬದಲಿಗೆ ಉಣ್ಣೆಯ ದಾರದ ತುಂಡುಗಳನ್ನು ಹೌಸಿಂಗ್ ಸುತ್ತ ಅಂಟಿಸಿ, ಹೊರಗಿನಿಂದ ಬ್ಲೋವರ್‌ನಲ್ಲಿ ಗಾಳಿ ಬಿಟ್ಟೆವು. ಕೊಳವೆ ತೆರೆದಾಗ ದಾರಗಳು ಬಾಯಿಯ ಎದುರು ಮಾತ್ರ ಹಾರಿದವು, ಮುಚ್ಚಿದಾಗ ಎಲ್ಲವೂ ನೇರ ಇಳಿಬಿದ್ದು ನಿಂತವು. ಗಾಳಿಬಾಯಿಗೆ ಒಂದು ಚೊಂಬು ನೀರು ಹೊಯ್ದು, ಅದು ಕೆಳಗಿನ ತೂತಿನಿಂದ ಹೊರಗಿಳಿಯುವುದನ್ನು ಬೆರಳಿಟ್ಟು ಮುಟ್ಟಿ ನೋಡಿದೆ. ಕೊಕ್ಕೆ ತಕ್ಕಡಿಯಲ್ಲಿ ಎಡ ಕೊಳವೆ ಒಂದು ಕೆ.ಜಿ.ಗೆ ಸ್ವಲ್ಪ ಕಡಿಮೆ ಇರುವಾಗ ಅಲುಗಿತು.

ಮತ್ತೆ ಸ್ಟೂಲ್, ಮತ್ತೆ ಕರವಸ್ತ್ರ. ಮೆಲ್ಲಗೆ ಹೀರಿದೆ. ಇಡೀ ಹ್ಯಾಂಗರ್‌ಗೆ ಕೇಳುವಂತೆ ಕೂಗಿತು.

ಲಾಗ್‌ಬುಕ್‌ನಲ್ಲಿ ಮೆಕ್ಯಾನಿಕ್ ಬರೆದದ್ದು ಹನ್ನೊಂದು ಸಾಲು. ಏನು ತೆಗೆದರು, ಏನು ಹಾಕಿದರು, ತುಕ್ಕಿನ ಆಳ, ಹಾರ್ನ್ ಪರೀಕ್ಷೆ, ದಿನಾಂಕ, ಸಹಿ, ಲೈಸೆನ್ಸ್ ನಂಬರ್. ಒಂದು ಸಾಲು ಮಾತ್ರ ನಾನು ಕೇಳಿ ಬರೆಸಿದ್ದು: ಎಡ ಹೌಸಿಂಗ್ ಹಿಂದಿನಿಂದ ದಾಖಲೆಯಿಲ್ಲದ ಸ್ಪಾಂಜು ಹೊರತೆಗೆಯಲಾಗಿದೆ ಎಂದು. ನಾಳೆ ಈ ವಿಮಾನವನ್ನು ಕೊಳ್ಳುವವರಿಗೂ ಅದು ಗೊತ್ತಿರಬೇಕು.

ಮೊದಲ ಹಾರಾಟಕ್ಕೆ ಒಬ್ಬನೇ ಹೋದೆ. ನೆಲದಿಂದ 3,000 ಅಡಿ ಮೇಲೆ, ಸುತ್ತ ಬೇರೆ ವಿಮಾನವಿಲ್ಲ ಎಂದು ಎರಡು ಬದಿಗೂ ತಿರುಗಿ ನೋಡಿಕೊಂಡು, ಪವರ್ ಇಳಿಸಿ ಮೂಗನ್ನು ಮೆಲ್ಲಗೆ ಎತ್ತುತ್ತಾ ಹೋದೆ. ಹಾರ್ನ್ ಮೊದಲು ಪಿಸುಗುಟ್ಟಿತು, ಆಮೇಲೆ ಪೂರ್ತಿ ಸ್ವರ ಹಿಡಿಯಿತು, ರೆಕ್ಕೆ ನಡುಗಿದ್ದು ಅದಾದ ಮೇಲೆ. ರೆಕ್ಕೆಯ ಹಿಂದಂಚಿನ ಫ್ಲ್ಯಾಪ್ ಇಳಿಸಿ ಇನ್ನೊಮ್ಮೆ. ಆಮೇಲೆ 105 ನಾಟ್‌ಗೆ ತಂದು ಹತ್ತು ನಿಮಿಷ ನೇರ ಹಾರಿಸಿದೆ, ಹೀಟರ್ ಪೂರ್ತಿ ಎಳೆದು. ಕೊಳವೆ ಇದ್ದಲ್ಲೇ ಇತ್ತು. ಹೊಸದಾಗಿ ತಂದ ಎಲೆಕ್ಟ್ರಾನಿಕ್ ಮೊನಾಕ್ಸೈಡ್ ಡಿಟೆಕ್ಟರ್ ಸೊನ್ನೆ ತೋರಿಸುತ್ತಿತ್ತು. ಪ್ಯಾನೆಲ್‌ಗೆ ಅಂಟಿಸಿದ್ದ, ಅವಧಿ ಮುಗಿದ ಬಣ್ಣ ಬದಲಾಗುವ ಕಾರ್ಡನ್ನು ಅವತ್ತೇ ಕಿತ್ತು ಹಾಕಿದೆ. ಅದು ಕೂಗುವುದೂ ಇಲ್ಲ, ಅದನ್ನು ಯಾರೂ ನೋಡುವುದೂ ಇಲ್ಲ.

ಅಪ್ಪ ಊರಿಗೆ ಹೊರಡುವ ಮುಂಚಿನ ಭಾನುವಾರ ಮತ್ತೆ ಒಕ್ಲಹೋಮಾಕ್ಕೆ ಹೋದೆವು. ಹೊರಡುವ ಮುಂಚೆ ಕರವಸ್ತ್ರ ಹಿಡಿದು ಸ್ಟೂಲ್ ಹತ್ತಿದವನು ನಾನು, ಒಳಗೆ ಕಿವಿಗೊಟ್ಟು "ಸರಿಯಿದೆ" ಎಂದು ಹೆಬ್ಬೆರಳು ತೋರಿಸಿದವರು ಅವರು. ಅವರ ಮಫ್ಲರ್ ಪ್ರಯಾಣ ಪೂರ್ತಿ ಮಡಿಲಲ್ಲೇ ಇತ್ತು. ಇಳಿಯುವಾಗ ರನ್‌ವೇ ಮೇಲೆ ಒಂದಡಿ ಎತ್ತರದಲ್ಲಿ ವಿಮಾನವನ್ನು ಹಿಡಿದು ನಿಲ್ಲಿಸಿದೆ, ವೇಗ ಇಳಿಯಿತು, ನನ್ನ ಎಡಗಿವಿಯ ಮೇಲೆ ಹಾರ್ನ್ ಕುಂಯ್ ಎಂದಿತು, ಚಕ್ರ ನೆಲ ಮುಟ್ಟಿತು. ವಿಮಾನವನ್ನು ನೆಲದ ಮೇಲೆ ನಿಲ್ದಾಣದ ಕಡೆಗೆ ಓಡಿಸುವಾಗ ಅಪ್ಪ ಹೆಡ್‌ಸೆಟ್ ಮೈಕನ್ನು ತುಟಿಗೆ ಹತ್ತಿರ ತಂದು, "ಈಗ ತಿದಿ ತುಂಬಿದೆ" ಅಂದರು.